ಎಳೆ ಚಿನ್ನ

ಬೋರು ಕೊರೆದು ತೆಗೆದ ಕಲ್ಲಿನ ಕೋಲನ್ನು ಪರೀಕ್ಷಕರು ಹಲಸು ತಟ್ಟುವ ಹಾಗೆ ತಟ್ಟಿ, ಕಿವಿಗೊಟ್ಟು ಕೇಳಿದರು. ಬಯಲಲ್ಲಿ ನೆರೆದಿದ್ದ ಷೇರುದಾರರೆಲ್ಲ ಉಸಿರು ಬಿಗಿಹಿಡಿದರು. ನೆಲದಡಿಯ ಚಿನ್ನ ಹಣ್ಣಾಗಿದ್ದರೆ ನಾಳೆಯೇ ಗಣಿ ಶುರು. ಪೊಳ್ಳಾಗಿದ್ದರೆ ಕಂಪನಿಗೆ ಬೀಗ.

“ಕಾಯಿ,” ಎಂದರು ಪರೀಕ್ಷಕರು.

ಅದು ಹಣ್ಣಾಗಲು ಎಷ್ಟು ವರ್ಷವೋ ಯಾರಿಗೆ ಗೊತ್ತು? ಎಲ್ಲರೂ ಮೊಬೈಲು ತೆಗೆದು ಷೇರು ಮಾರತೊಡಗಿದರು. ಷೇರಿನ ಬೆಲೆ ಕಣ್ಣೆದುರೇ ಕುಸಿಯಿತು.

ಬಟ್ಟೆ ಹೊಲಿಯುವ ಗೌರಾಂಬ ಮಾತ್ರ ಮುಂದೆ ಹೋಗಿ ತಾನೂ ಕಲ್ಲನ್ನು ತಟ್ಟಿದಳು. ಚಿನ್ನದ ಬಳೆ ಮಾರಿ ಷೇರು ಕೊಂಡಿದ್ದ ಆ ಕೈಯಲ್ಲೀಗ ಗಾಜಿನ ಬಳೆಗಳಿದ್ದವು.

“ಅಕ್ಕ, ಇನ್ನೂ ಏನ್ ನೋಡ್ತಿದೀಯ? ಮಾರ್ಬಿಡು,” ತಮ್ಮ ಓಬಳೇಶ ಗೋಗರೆದ. “ಬಂದಷ್ಟಾದ್ರೂ ಬರ್ಲಿ.”

“ಹೋದ ವರ್ಷ ಇದೇ ಜಾಗದ ಕಲ್ಲು ತಟ್ಟಿ ಏನಂದಿದ್ರೋ?”

“ಹೂವು ಅಂದಿದ್ರು.”

“ಆ ಹೂವು ಉದುರದೆ ಕಾಯಿ ಕಚ್ಚಿದೆ ತಾನೆ?”

“ಕಚ್ಚಿದ್ರೇನು? ಕಾಯಿ ಅಂತ ಅವರ ಬಾಯಲ್ಲೇ ಬಂತಲ್ಲ!”

ಗೌರಾಂಬ ಮೊಬೈಲನ್ನು ಚೀಲಕ್ಕೆ ಹಾಕಿ, ಕಲ್ಲಿನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

“ನಂಗೂ ಹಂಗೇ ಕೇಳಿಸ್ತು ಕಣೋ,” ಎಂದು ನಕ್ಕಳು. “ಕಾಯಿ ಅಂದ್ರು. ಕಾಯ್ತೀನಿ.”