ಸಾಹುಕಾರರ ಮಗಳು

ಹೇಳಿ ಕಳಿಸುತ್ತೇವೆ ಎಂದು ವಸುಧಾಳನ್ನು ನೋಡಿ ಹೋದ ಗಂಡಿನ ಕಡೆಯವರು ಮಾರನೆಯ ವಾರವೇ ರೈಸ್‌ಮಿಲ್ ಸಾಹುಕಾರರ ಮನೆಗೆ ಹೆಣ್ಣು ನೋಡಲು ಹೋದರಂತೆ. ದುಡ್ಡಿದ್ದವರು ಬೇಕೆಂದದ್ದನ್ನೆಲ್ಲ ಬಾಚಿಕೊಳ್ಳುತ್ತಾರೆ ಎಂದು ಅವಳ ಹೊಟ್ಟೆ ಉರಿಯುತ್ತಲೇ ಇತ್ತು. ಇವತ್ತು ಟೈಲರ್ ಅಂಗಡಿಯ ಬೆಂಚಿನಲ್ಲಿ ಆ ಸಾಹುಕಾರರ ಮಗಳೇ ಪಕ್ಕಕ್ಕೆ ಬಂದು ಕೂತಳು.

“ಪೋಸ್ಟ್‌ಮಾಸ್ಟರ್ ಮಗಳು ವಸುಧಾ ಅಲ್ವಾ ನೀವು?”

“ಹೌದು. ನಿಮ್ಮದು ಮದುವೆ ಬ್ಲೌಸಾ?” ವಸುಧಾ ಮುಖ ತಿರುಗಿಸಿಯೇ ಕೇಳಿದಳು.

“ಯಾರ ಮದುವೆ? ಆ ಹುಡುಗ ಬೇಡ ಅಂದ್ಬಿಟ್ಟೆ.”

“ಬಿಡಿ, ದೊಡ್ಡೋರ ಕಣ್ಣಿಗೆ ಯಾರು ತಾನೇ ಹಿಡಿಸ್ತಾರೆ!”

“ಹಾಗಲ್ಲ ಕಣ್ರೀ,” ಸಾಹುಕಾರರ ಮಗಳು ದನಿ ತಗ್ಗಿಸಿದಳು. “ನಿಮ್ಮನೆ ಕಾಫಿ ಲೋಟ ಒಂದೊಂದೂ ಒಂದೊಂದು ಥರ ಇತ್ತು ಅಂತ ನಮ್ಮನೇಲಿ ಕೂತು ಆಡ್ಕೊಂಡು ನಕ್ರು. ಕೊಡೋಕೆ ತಂದಿದ್ದ ಉಪ್ಪಿಟ್ಟಿನ ತಟ್ಟೇನ ಹಾಗೇ ಒಳಗೆ ವಾಪಸ್ ತಗೊಂಡು ಹೋದೆ.”