ಬಾವಿಕಟ್ಟೆಗೆ ಬಂದ ದೋಣಿಯವಳು

ಹೆಣ್ಣು ಕೇಳಲು ಬಂದವಳಂತೆ ನಾದಿನಿ ಹಣ್ಣಿನ ಚೀಲ ಹಿಡಿದು ಕೆಲಸದ ಕೋಣೆಯ ಬಾಗಿಲಲ್ಲೇ ನಿಂತಳು. "ಅತ್ತಿಗೆ, ನಿಮ್ಮ ದೋಣಿಯವಳನ್ನ ನನಗೆ ಕೊಡ್ತೀರಾ?"

ಅತ್ತಿಗೆ ಮೇಣದ ವಸಡಿನ ಮೇಲೆ ಹನ್ನೊಂದನೆಯ ಹಲ್ಲನ್ನು ಕೂರಿಸುತ್ತಿದ್ದಳು. ಹಲ್ಲಿನ ಸೆಟ್ಟು ಕಟ್ಟುವುದು ಅವಳ ಕಸುಬು. ಭಾನುವಾರ ಮಾತ್ರ ಇದೇ ಮೇಜಿನ ಪುಡಿ ಒರೆಸಿ, ದಾಳ ಉರುಳಿಸಿ, ನಾಲ್ವರು ಗೆಳೆಯರಿಗೆ ಕಥೆಯಾಟ ಆಡಿಸುತ್ತಿದ್ದಳು. ಲೋಕ ಕಟ್ಟುವುದು ಅವಳು, ಅದರೊಳಗೆ ಅಲೆಯುವ ವೀರರ ಪಾತ್ರ ಆಡುವುದು ಅವರು. ಅವಳ ಲೋಕವೆಂದರೆ ಬರೀ ಸಮುದ್ರ, ಅಲ್ಲೊಂದು ಇಲ್ಲೊಂದು ದ್ವೀಪ. ಅಲ್ಲಿಯ ಖಳನಾಯಕಿ ದೋಣಿಯವಳು. ದಡ ದಾಟಿಸಲು ಅವಳು ಕೇಳುವ ಕೂಲಿ ಒಂದೇ, ನಿಮ್ಮ ಹೆಸರು. ಕೊಟ್ಟರೆ ಆ ಕ್ಷಣದಿಂದ ಹೆತ್ತವರಿಗೂ ನಿಮ್ಮ ಹೆಸರು ನೆನಪಿರುವುದಿಲ್ಲ. ಆರು ವರ್ಷಗಳಲ್ಲಿ ಅವಳನ್ನು ಗೆದ್ದವರಿರಲಿಲ್ಲ.

ಆ ದೋಣಿಯವಳು ಹುಟ್ಟಿದ್ದು ಬಾಯ್ತಪ್ಪಿನಿಂದ ಎಂಬುದು ಅತ್ತಿಗೆಯೊಬ್ಬಳಿಗೇ ಗೊತ್ತು. ಮೊದಲ ದಿನ ದೋಣಿ ನಡೆಸುವ ಒಬ್ಬ ಹೆಂಗಸಿನ ಮಾತಾಗಿ "ನಿನ್ನ ಹೆಸರು ಹೇಳು" ಎನ್ನಲು ಹೋಗಿ "ನಿನ್ನ ಹೆಸರು ಕೊಡು" ಎಂದುಬಿಟ್ಟಿದ್ದಳು. ಎದುರಿಗಿದ್ದ ಗೆಳೆಯ ಬೆಚ್ಚಿಬಿದ್ದು, ತನ್ನ ಪಾತ್ರದ ವಿವರವಿದ್ದ ಹಾಳೆಯಿಂದ ವೀರನ ಹೆಸರನ್ನು ರಬ್ಬರಿನಿಂದ ಅಳಿಸಿದ. ತಪ್ಪು ತಿದ್ದಿಕೊಳ್ಳಲು ಬಾಯಿ ತೆರೆದವಳು ಹಾಳೆಯ ಮೇಲಿನ ಆ ಬಿಳಿ ಕಲೆ ನೋಡಿ ಸುಮ್ಮನಾದಳು. ಅಂದಿನಿಂದ ಆ ಮೂರು ಮಾತಿನ ಸುತ್ತ ಒಂದೊಂದೇ ಹಲ್ಲು ಜೋಡಿಸುವಂತೆ ದೋಣಿಯವಳನ್ನು ಕಟ್ಟಿದ್ದಳು. ಬೇರೆಯವರ ಕೈಯಲ್ಲಿ ಅವಳು ಕತ್ತಿ ಬೀಸುವ ಯಾವುದೋ ಒಂದು ದೆವ್ವವಾಗಿಬಿಟ್ಟರೆ?

ನಾದಿನಿ ಸಿಟಿ ಬಸ್ಸು ಓಡಿಸುವವಳು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಈಚೆಗೆ ಅವಳೂ ಒಂದು ಆಟ ಶುರುಮಾಡಿದ್ದಳು. ಅವಳ ಲೋಕ ಮರಳುಗಾಡು.

"ನಿನ್ನ ಲೋಕದಲ್ಲಿ ಬಾಯಿ ಮುಕ್ಕಳಿಸೋಕೂ ನೀರಿಲ್ಲ. ದೋಣಿ ಎಲ್ಲಿ ನಡೆಸ್ತೀಯ?"

"ದೋಣಿ ನಿಮಗೇ ಇರಲಿ. ಅವಳನ್ನ ಬಾವಿಕಟ್ಟೆ ಮೇಲೆ ಕೂರಿಸ್ತೀನಿ. ಒಂದು ಕೊಡ ನೀರಿಗೆ ಒಂದು ಹೆಸರು."

"ಒಬ್ಬರ ಸೆಟ್ಟು ಇನ್ನೊಬ್ಬರ ಬಾಯಿಗೆ ಕೂರಲ್ಲ ಕಣೇ."

"ತಿಕ್ಕಿ ಕೂರಿಸಿದ್ರೆ?"

ತಿಕ್ಕಿ ತಿಕ್ಕಿ ಕೊನೆಗೆ ಹಲ್ಲೇ ಉಳಿಯುವುದಿಲ್ಲ ಎಂದಳು ಅತ್ತಿಗೆ. ಆದರೆ ನಾದಿನಿ ಕದಲಲಿಲ್ಲ. ಕೊನೆಗೆ ಒಪ್ಪಂದವಾಯಿತು: ಮೊದಲ ಆಟಕ್ಕೆ ಅತ್ತಿಗೆಯೂ ಬಂದು ಕೂರುವುದು, ಆದರೆ ತುಟಿ ಪಿಟಕ್ ಎನ್ನಬಾರದು. ಬಾಯಿಯೇ ತನ್ನ ಕಸುಬು, ಮುಚ್ಚುವುದಕ್ಕೂ ಬರುತ್ತದೆ ಎಂದಳು ಅತ್ತಿಗೆ.

ಶನಿವಾರ ಮಧ್ಯಾಹ್ನ ಡಿಪೋದ ಕೋಣೆಯಲ್ಲಿ ಡೀಸೆಲ್ಲಿನ ವಾಸನೆ. ಮೇಜಿನ ಸುತ್ತ ಇಬ್ಬರು ಕಂಡಕ್ಟರುಗಳು, ಉಗುರಿನ ಸಂದಿಯಲ್ಲಿ ಗ್ರೀಸು ಉಳಿದ ಒಬ್ಬ ಮೆಕ್ಯಾನಿಕ್. ಮೆಕ್ಯಾನಿಕ್ ಆಡುತ್ತಿದ್ದ ಪಾತ್ರ ಒಬ್ಬ ಸಿಪಾಯಿಯದು. ಯುದ್ಧದ ನಡುವೆ ಓಡಿಬಂದವನು, ಮೂರು ದಿನದಿಂದ ನೀರು ಕಂಡಿಲ್ಲ. ಅವನು ಬಾವಿಕಟ್ಟೆಗೆ ಬಂದು ನಿಂತ. ಅಷ್ಟು ದೊಡ್ಡ ಬಸ್ಸನ್ನು ಇಕ್ಕಟ್ಟಿನ ತಿರುವಿನಲ್ಲಿ ಹೂವಿನಂತೆ ತಿರುಗಿಸುವ ನಾದಿನಿ ಈಗ ಎರಡೂ ಕೈಯಲ್ಲಿ ಮೇಜಿನ ಅಂಚು ಒತ್ತಿ ಹಿಡಿದಳು. ಬಾವಿಕಟ್ಟೆಯವಳ ದನಿಯಲ್ಲಿ ಅವಳು ಹೇಳಿದ್ದು, "ನಿನ್ನ ಹೆಸರು ಹೇಳು."

ಅತ್ತಿಗೆ ಕುರ್ಚಿಯ ತುದಿಗೆ ಸರಿದಳು. ವಾಕ್ಯ ಸರಿಯಾಗಿತ್ತು, ಅದೇ ತಪ್ಪಾಗಿತ್ತು. ಮೆಕ್ಯಾನಿಕ್ ಸಿಪಾಯಿಯ ಹೆಸರನ್ನು ಸಲೀಸಾಗಿ ಹೇಳಿ, ಕೊಡ ಎತ್ತಿಕೊಳ್ಳಲೇ ಎಂದು ಕೇಳಿದ. ಒಬ್ಬ ಕಂಡಕ್ಟರು ಊಟದ ಡಬ್ಬಿಯ ಮುಚ್ಚಳ ತೆಗೆಯತೊಡಗಿದ. ಆರು ವರ್ಷ ನೀರಿನಲ್ಲಿ ಹೋಮವಾಯಿತು. ಇಲ್ಲ, ಇಲ್ಲಿ ಅದಕ್ಕೂ ನೀರಿರಲಿಲ್ಲ. ಒಂದೇ ಒಂದು ಪದ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದ್ದರೂ ಅತ್ತಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ನೆಲ ನೋಡಿದಳು.

ನಾದಿನಿ ಆ ಮುಖ ನೋಡಿದಳು. ಏನು ತಪ್ಪಿದೆ ಎಂದು ಹೊಳೆಯಿತು. ತನ್ನ ಮುಂದಿದ್ದ ನೀರಿನ ಲೋಟವನ್ನು ಮೆಲ್ಲಗೆ, ಮೇಜಿಗೆ ಉಜ್ಜಿಕೊಂಡೇ, ತನ್ನತ್ತ ಎಳೆದುಕೊಂಡಳು.

"ಹೆಸರು ಹೇಳಿದ್ದಾಯ್ತು," ಎಂದಳು. "ಇನ್ನೂ ಕೊಟ್ಟಿಲ್ಲವಲ್ಲ."

ಡಬ್ಬಿಯ ಮುಚ್ಚಳ ಅರ್ಧಕ್ಕೇ ನಿಂತಿತು. ಮೆಕ್ಯಾನಿಕ್ ತನ್ನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಇಂಥ ಹೊತ್ತಿನಲ್ಲಿ ಅತ್ತಿಗೆಯ ಗೆಳೆಯರಾದರೆ ಚೌಕಾಸಿ ಮಾಡುತ್ತಿದ್ದರು, ಅಂಗಲಾಚುತ್ತಿದ್ದರು, ಕತ್ತಿ ಹಿರಿಯುತ್ತಿದ್ದರು. ಇವನು ಪೆನ್ನು ತೆಗೆದ.

"ತಗೋ ತಾಯಿ. ಓಡಿಬಂದವನು ಅಂತ ಊರೆಲ್ಲ ಕೂಗೋದು ಇದೇ ಹೆಸರನ್ನ. ಹೊತ್ತು ಹೊತ್ತು ಸಾಕಾಗಿದೆ."

ಗೆರೆ ಎಳೆದು ಹೆಸರು ಹೊಡೆದುಹಾಕಿದ. ನಾದಿನಿ ಲೋಟವನ್ನು ಅವನತ್ತ ತಳ್ಳಿದಳು. ಅವನು ನಿಜವಾಗಿಯೂ ಗಟಗಟ ಕುಡಿದ. ಸಮುದ್ರದಲ್ಲಿ ಕಸಿದುಕೊಂಡವಳೇ ಮರಳಿನಲ್ಲಿ ಭಾರ ಇಳಿಸಿದ್ದಳು. ಅತ್ತಿಗೆ ಹಲ್ಲಿನ ಅಳತೆಗಳ ತನ್ನ ಪುಟ್ಟ ಪುಸ್ತಕ ತೆಗೆದು, ಹೇಳಿದ್ದಾಯ್ತು ಕೊಟ್ಟಿಲ್ಲ ಎಂಬ ನಾದಿನಿಯ ಮಾತನ್ನು ಒಂದಕ್ಷರ ಬಿಡದಂತೆ ಬರೆದುಕೊಂಡಳು.

ಆಟ ಮುಗಿದ ಮೇಲೆ ಆ ಮಾತನ್ನು ನಾಳೆಯ ಆಟಕ್ಕೆ ತನಗೆ ಕೊಡುತ್ತೀಯಾ ಎಂದು ಕೇಳಿದಳು. ನಾದಿನಿಯ ಮುಖ ಊರಗಲವಾಯಿತು. "ತಗೊಳ್ಳಿ ಅತ್ತಿಗೆ. ತಿಕ್ಕಿ ಕೂರಿಸ್ಕೊಳ್ಳಿ."

ಅಷ್ಟರಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದು, ಬಾವಿಯವಳನ್ನು ಇಷ್ಟು ಚೆನ್ನಾಗಿ ಕಟ್ಟಿದ್ದು ಯಾರು ಎಂದು ಕೇಳಿದ. ನಾದಿನಿ ತನ್ನ ಮಗಳನ್ನು ತೋರಿಸುವ ತಾಯಿಯಂತೆ ಅತ್ತಿಗೆಯತ್ತ ಕೈ ಮಾಡಿದಳು. ಅವನು ನೆಟ್ಟಗೆ ನಿಂತು, ಮರ್ಯಾದೆಯಿಂದ ವಿಚಾರಿಸಿದ, "ನಿಮ್ಮ ಹೆಸರು?"

ಅತ್ತಿಗೆ ಗದ್ದ ಎತ್ತಿದಳು.

"ಹೇಳ್ತೀನಿ," ಎಂದಳು. "ಕೊಡೋದಿಲ್ಲ."