ಎಮ್ಮೆಗೂ ಮೂರು ತಿಂಗಳು

"ಬಸ್ ತಡೆದೋರ್ಗೆ ಮೂರು ತಿಂಗ್ಳು ಜೈಲು ಕಮ್ಮೀನೇ! ನಾನ್ ಜಾಮೀನು ನಿಲ್ಲಾಕಿಲ್ಲ," ಎಂದು ಕೊಡಿಗೇಹಳ್ಳಿಯ ಚಿಕ್ಕಬೈರಪ್ಪ ಕಾಫಿ ಲೋಟ ಕುಕ್ಕಿದರು. ಹೋಟೆಲಿನ ಅರ್ಧ ಜನ "ಶಿಕ್ಷೆ ಅನ್ಯಾಯ ಕಣ್ರೀ" ಎಂದರು, ಇನ್ನರ್ಧ ಚಿಕ್ಕಬೈರಪ್ಪನವರ ಮಾತಿಗೆ ತಲೆಯಾಡಿಸಿತು. ಮುಷ್ಕರದಲ್ಲಿ ಬಸ್ ತಡೆದು ಸಿಕ್ಕಿಬಿದ್ದ ಮಗನನ್ನು ಅಪೀಲು ಮುಗಿಯುವವರೆಗೆ ಬಿಡಿಸಿಕೊಳ್ಳಲು, ಎದುರಿಗೆ ಕೂತಿದ್ದ ಈರವ್ವನಿಗೆ ಜಮೀನಿದ್ದವರೇ ಬೇಕಿತ್ತು. ಬಿಜಾಪುರದಿಂದ ಬಂದವಳಿಗೆ ಇಲ್ಲಿ ಬೇರೆ ಯಾರು ಗೊತ್ತು?

ಮಗನ ಗೆಳೆಯ ಕಾಶಿನಾಥ ಚಿಕ್ಕಬೈರಪ್ಪನವರದೇ ಕರಿಕಂಬಳಿಯನ್ನು ಕೋರ್ಟಿನ ಕರಿಗೌನಿನಂತೆ ಹೆಗಲಿಗೇರಿಸಿ, ಮೂಗಿನಲ್ಲಿ ಜಡ್ಜ್ ಸಾಹೇಬರ ದನಿ ತೆಗೆದ. "ಚಿಕ್ಕಬೈರಪ್ಪ! ಊರಲ್ಲಿ ಬಸ್ ನಿಲ್ಲಿಸ್ತಿಲ್ಲ ಅಂತ ಹೋದ ವರ್ಷ ರಸ್ತೆಗೆ ಅಡ್ಡ ಎಮ್ಮೆ ಕಟ್ಟಿದ್ದು ನಿಜವೇ?"

ಜಮೀನಿನ ವ್ಯಾಜ್ಯಕ್ಕೆ ಕೋರ್ಟು ಅಲೆದು ಅಲೆದು ಅಭ್ಯಾಸವಾಗಿತ್ತು. ಚಿಕ್ಕಬೈರಪ್ಪ ಎದ್ದು ಕೈಕಟ್ಟಿ ನಿಂತೇಬಿಟ್ಟರು. "ನಿಜ ಸ್ವಾಮಿ."

"ನಿಮಗೆ ಮೂರು ತಿಂಗಳು. ಎಮ್ಮೆಗೂ ಮೂರು ತಿಂಗಳು."

"ಎಮ್ಮೆಗ್ಯಾಕ್ ಸ್ವಾಮಿ? ಅನ್ಯಾಯ!"

ಹೋಟೆಲು ಗೊಳ್ಳೆಂದಿತು. ತಾವು ನಿಂತಿರುವುದು ಆಗ ಅರಿವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕವರು ಚಿಕ್ಕಬೈರಪ್ಪನವರೇ. "ಕಂಬಳಿ ಕೊಡ್ಲಾ ಪಾಪಿ," ಎಂದರು ಕಣ್ಣೊರೆಸಿಕೊಂಡು, "ನಾಳೆ ಈಯಮ್ಮನ್ ಜೊತೆ ಕೋರ್ಟಿಗೆ ಓಗ್ಬೇಕು."